ಕಾರಿನಡಿಗೆ ತಲೆ ಹಾಕುವ ಮುಂಚೆ

ಹಲಸಿನ ಹಪ್ಪಳ ಮುರಿದಂಥ ಸದ್ದು. ಜ್ಯಾಕಿನ ಹಿಡಿಯನ್ನು ಇನ್ನೊಂದು ಸುತ್ತು ತಿರುಗಿಸಿದ್ದೆ ಅಷ್ಟೇ. ಬಾಗಿಲ ಕೆಳಗಿನ ತಗಡು ಕರಕ್ ಅಂತು. ಕಾರು ಮೇಲೆ ಹೋಗುವ ಬದಲು ಜ್ಯಾಕಿನ ತಲೆಯೇ ಕಾರಿನೊಳಗೆ ಹೋಯಿತು, ಎರಡು ಬೆರಳಿನಷ್ಟು. ಅದೇ ಏಟಿಗೆ ಕಾರು ಹಿಂದಕ್ಕೆ ಜಾರಿತು, ಜ್ಯಾಕು ವಾಲಿತು, ಎಡಗಡೆಯ ಮುಂದಿನ ಗಾಲಿ ಧೊಪ್ ಅಂತ ನೆಲಕ್ಕೆ ಬಿತ್ತು. ಎಲ್ಲಾ ಸೇರಿ ಎರಡು ಸೆಕೆಂಡ್ ಇರಬಹುದು. ನಾನು ಹಿಡಿ ಬಿಟ್ಟು ಚರಂಡಿ ಪಕ್ಕ ಕೂತುಬಿಟ್ಟಿದ್ದೆ.

ಅಡಿಯಲ್ಲಿ ಯಾರೂ ಇರಲಿಲ್ಲ. ಆದರೆ ಇನ್ನೈದು ನಿಮಿಷಕ್ಕೆ ನಾನೇ ಇರುತ್ತಿದ್ದೆ. ಹಳೇ ಬೆಡ್‌ಶೀಟ್ ಹಾಸಿ, ಟಾರ್ಚ್ ಪಕ್ಕದಲ್ಲಿಟ್ಟು ತಯಾರಾಗಿದ್ದೆ. ಆ ಬೆಡ್‌ಶೀಟಿನ ಒಂದು ಮೂಲೆ ಈಗ ಗಾಲಿಯ ಕೆಳಗೆ ಸಿಕ್ಕಿಕೊಂಡಿತ್ತು.

ನನ್ನದು 1999ರ ಮಾರುತಿ 800. ಕೆಎ 18 ನಂಬರ್, ಅಂದರೆ ಹುಟ್ಟಾ ಚಿಕ್ಕಮಗಳೂರಿನದು. ನಮ್ಮ ದೊಡ್ಡಪ್ಪನಿಗೆ ಈ ಕಾರು ಕಂಡರೆ ಒಂದು ಮಾತು ಹೇಳದಿದ್ದರೆ ಸಮಾಧಾನ ಇಲ್ಲ. 1978ರಲ್ಲಿ ಇಂದಿರಾ ಗಾಂಧಿ ನಮ್ಮೂರಿಂದ ನಿಂತು ಗೆದ್ದರು, 1983ರಲ್ಲಿ ಮೊದಲ ಮಾರುತಿಯ ಕೀ ಕೊಟ್ಟಿದ್ದೂ ಅವರೇ, ಹಾಗಾಗಿ ಈ ಕಾರು ನಮ್ಮೂರಿನ ನೆಂಟರು ಅಂತ. ಇರಲಿ. ನೆಂಟರಿಗೆ ಈಗ ವಯಸ್ಸಾಗಿದೆ. ಎಫ್‌ಸಿ, ಅಂದರೆ ಹಳೇ ಗಾಡಿಯ ಫಿಟ್‌ನೆಸ್ ಪರೀಕ್ಷೆ, ಹಿಂದೆ ಮಾಡಿಸಿ ಆಯಿತು, ಇನ್ನೊಂದು ಹತ್ತಿರ ಬರುತ್ತಿದೆ. ಜೊತೆಗೆ ಹೊಸದೊಂದು ಕಾಯಿಲೆ ಶುರುವಾಗಿತ್ತು. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಎಡಗಡೆ ಮುಂದಿನಿಂದ ಟಕ್ ಟಕ್ ಟಕ್. ಸೀತಾಳಯ್ಯನಗಿರಿ ರಸ್ತೆಯ ತಿರುವುಗಳಲ್ಲಿ ಅದು ತಾಳ ಹಾಕಿದ ಹಾಗೆ ಕೇಳಿಸುತ್ತಿತ್ತು. ಏನದು ಅಂತ ನೋಡೋಣ, ಹಾಗೇ ಮಳೆಗಾಲಕ್ಕೆ ಮುಂಚೆ ಅಡಿಯ ಮಣ್ಣು ತೆಗೆದು ಆಯಿಲ್ ಬದಲಾಯಿಸೋಣ ಅಂತ ಹೊರಟವಳು ನಾನು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳಿಗೆ ಇಷ್ಟೂ ಬರಲ್ವಾ ಅನ್ನೋ ಜಂಬ ಬೇರೆ.

ನಮ್ಮ ಮನೆ ಇರುವುದು ಬೇಲೂರು ರಸ್ತೆ ಕಡೆಯ ಬಡಾವಣೆಯ ಒಂದು ಇಳಿಜಾರು ಗಲ್ಲಿಯಲ್ಲಿ. ಅಲ್ಲೇ ಮಾಡಿದ್ದೆ ಈ ಸಾಹಸ.

ಮೇಸ್ತ್ರಿ ಬಂದರು. ಗ್ಯಾರೇಜು ನಡೆಸುವ ಇವರು ನಮ್ಮ ಗಾಡಿಯನ್ನು ಹತ್ತು ವರ್ಷದಿಂದ ನೋಡಿಕೊಂಡಿದ್ದಾರೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಸುಮ್ನೆ ಗಾಡಿ ಸುತ್ತ ಒಂದು ಸಲ ನಡೆದರು.

“ಹ್ಯಾಂಡ್ ಬ್ರೇಕ್ ಹಾಕಿದ್ರಾ ಟೀಚರೇ?”

“ಹಾಕಿದ್ದೆ. ಸ್ವಲ್ಪ ಲೂಸಿದೆ. ಅದಕ್ಕೇ ಫಸ್ಟ್ ಗೇರಲ್ಲೂ ಇಟ್ಟಿದ್ದೆ.”

“ಮುಂದಿನ ಗಾಲಿ ಎತ್ತಿ, ಗೇರಲ್ಲಿ ಇಟ್ಟಿದ್ದೀನಿ ಅಂತೀರಲ್ಲ!”

ಆಮೇಲೆ ಅವರು ವಿವರಿಸಿದ್ದು ನನ್ನ ತಲೆಯಲ್ಲಿ ಅಚ್ಚೊತ್ತಿದ ಹಾಗೆ ಉಳಿದಿದೆ. ಮಾರುತಿಯಲ್ಲಿ ಎಂಜಿನ್ ಎಳೆಯುವುದು ಮುಂದಿನ ಗಾಲಿಗಳನ್ನು. ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಗಾಲಿಗಳನ್ನು. ಮುಂದಿನ ಎರಡು ಗಾಲಿಗಳ ನಡುವೆ ಡಿಫರೆನ್ಷಿಯಲ್ ಇರುತ್ತದೆ, ತಿರುವಿನಲ್ಲಿ ಒಂದು ಜಾಸ್ತಿ ಒಂದು ಕಮ್ಮಿ ಸುತ್ತಲಿ ಅಂತ. ಒಂದು ಗಾಲಿಯನ್ನು ಎತ್ತಿಬಿಟ್ಟರೆ ಅದು ಗಾಳಿಯಲ್ಲಿ ಉಲ್ಟಾ ಸುತ್ತಿಕೊಳ್ಳುತ್ತದೆ, ನೆಲದ ಮೇಲಿರುವ ಇನ್ನೊಂದು ಗಾಲಿ ಆರಾಮಾಗಿ ಉರುಳುತ್ತದೆ. ಗೇರು ಯಾವುದನ್ನೂ ಹಿಡಿಯುವುದಿಲ್ಲ. ಅಂದರೆ ಆ ಇಳಿಜಾರಿನಲ್ಲಿ ನನ್ನ ಕಾರನ್ನು ಹಿಡಿದಿದ್ದು ಆ ಲೂಸು ಹ್ಯಾಂಡ್ ಬ್ರೇಕ್ ಒಂದೇ. ಗಾಲಿಗೆ ಕಲ್ಲು ಕೊಟ್ಟಿರಲಿಲ್ಲ. ಲಾರಿ ನಿಂತ ತಕ್ಷಣ ಕ್ಲೀನರ್ ಹುಡುಗ ಹಾರಿ ಇಳಿದು ಕಲ್ಲು ಕೊಡುವುದನ್ನು ಸಾವಿರ ಸಲ ನೋಡಿದ್ದೇನೆ. ನನ್ನ ಪುಟ್ಟ ಕಾರಿಗೂ ಅದು ಬೇಕು ಅಂತ ಹೊಳೆದೇ ಇರಲಿಲ್ಲ.

ಇನ್ನು ಆ ಕರಕ್ ಸದ್ದು. ಮಾರುತಿಯ ಎರಡೂ ಬದಿ, ಬಾಗಿಲ ಕೆಳಗೆ ಉದ್ದಕ್ಕೆ ಒಂದು ಅಂಚು ಇರುತ್ತದೆ. ಮುಂದಿನ ಗಾಲಿಯ ಹಿಂದೆ, ಹಿಂದಿನ ಗಾಲಿಯ ಮುಂದೆ ಆ ಅಂಚಿನಲ್ಲಿ ಗುರುತು ಮಾಡಿದ ಜಾಗ ಇದೆ. ಗಾಡಿ ಜೊತೆ ಬರುವ ಜ್ಯಾಕನ್ನು ಅಲ್ಲೇ ಕೊಡಬೇಕು. ನಾನೂ ಅಲ್ಲೇ ಕೊಟ್ಟಿದ್ದೆ. ಜಾಗ ಸರಿ ಇತ್ತು, ಜಾಗದಲ್ಲಿ ಕಬ್ಬಿಣ ಇರಲಿಲ್ಲ. ಮೇಸ್ತ್ರಿ ಸ್ಕ್ರೂ ಡ್ರೈವರ್ ತಗೊಂಡು ಅದರ ಹಿಡಿಯಿಂದ ಅಂಚಿನುದ್ದಕ್ಕೂ ಕುಟ್ಟುತ್ತಾ ಹೋದರು. ಟಣ್, ಟಣ್, ಟಣ್, ಡಬ್. ಡಬ್ ಅಂದಲ್ಲಿ ಮೊನೆ ಒತ್ತಿದರು. ಸಲೀಸಾಗಿ ಒಳಗೆ ಹೋಯಿತು. ಮೇಲೆ ಬಣ್ಣ ಹಾಗೇ ಹೊಳೆಯುತ್ತಿತ್ತು, ಒಳಗೆ ಕಂದು ಪುಡಿ.

ನಮ್ಮ ಕಡೆಯ ಮಳೆ ಗೊತ್ತಲ್ಲ. ಜೂನಿಂದ ಹಿಡಿದರೆ ತಿಂಗಳುಗಟ್ಟಲೆ ಕೆಸರು ಗಾಲಿಯ ಒಳಮೂಲೆಗೆ ಹೋಗಿ ಕೂರುತ್ತದೆ. ಅಂಚಿನ ಕೆಳಗೆ ನೀರು ಸೋರಿಹೋಗಲಿ ಅಂತ ಸಣ್ಣ ತೂತುಗಳಿರುತ್ತವೆ, ಕೆಸರು ಅದನ್ನು ಮುಚ್ಚಿಬಿಡುತ್ತದೆ. ಒಳಗೆ ಸೇರಿದ ನೀರು ಹೊರಗೆ ಬರುವುದಿಲ್ಲ. ತುಕ್ಕು ಒಳಗಿಂದ ಹೊರಗೆ ತಿನ್ನುತ್ತದೆ. ಮೇಲಿಂದ ತೊಳೆದು ಪಾಲಿಶ್ ಹೊಡೆಯುವವರಿಗೆ ಇದು ಕಾಣುವುದೇ ಇಲ್ಲ. ನಾನು ಆ ಪಾಲಿಶ್ ಪಂಗಡಕ್ಕೆ ಸೇರಿದವಳು.

ಆಗ ನೆನಪಾಯಿತು. ಎರಡು ತಿಂಗಳ ಹಿಂದೆ ಪಂಕ್ಚರ್ ಆಗಿ ಸ್ಟೆಪ್ನಿ ಹಾಕಿಸುವಾಗ, ಜ್ಯಾಕ್ ಮೇಲಿದ್ದ ಗಾಡಿಯ ಮುಂದಿನ ಬಾಗಿಲು ಸರಿಯಾಗಿ ಮುಚ್ಚಿಕೊಂಡಿರಲಿಲ್ಲ. ಕೆಳಗಿಳಿಸಿದ ಮೇಲೆ ಮುಚ್ಚಿತು. ಹಳೇ ಬಾಗಿಲು, ಏನೋ ಅಂದುಕೊಂಡು ಬಿಟ್ಟಿದ್ದೆ. “ಬಾಡಿ ಬಾಗ್ತಿತ್ತು ಟೀಚರೇ, ಅದೇ ನಿಮಗೆ ಹೇಳಿತ್ತು,” ಅಂದರು ಮೇಸ್ತ್ರಿ.

ಟಿಂಕರಿಂಗ್ ಅಂಗಡಿಯಲ್ಲಿ ಕೊಳೆತ ಭಾಗ ಕತ್ತರಿಸಿ ಹೊಸ ತಗಡು ಕೂರಿಸಿ ವೆಲ್ಡ್ ಮಾಡಿಸಲು ನಾಲ್ಕು ದಿನ ಹಿಡಿಯಿತು. ಹ್ಯಾಂಡ್ ಬ್ರೇಕ್ ಕೇಬಲ್ಲನ್ನೂ ಬಿಗಿ ಮಾಡಿಸಿದೆ. ಇಷ್ಟಾದ ಮೇಲೆ ಗ್ಯಾರೇಜಿಗೇ ಬಿಟ್ಟು ಸುಮ್ಮನಿರಬಹುದಿತ್ತು. ಮನೆಯಲ್ಲಿ ಎಲ್ಲರೂ ಅದನ್ನೇ ಹೇಳಿದರು. ಆದರೆ ಹೆದರಿ ಬಿಟ್ಟ ಕೆಲಸ ರಾತ್ರಿ ಕನಸಿಗೆ ಬರುತ್ತೆ. ಮೇಸ್ತ್ರಿಯ ಹತ್ತಿರವೇ ಹೋಗಿ, ಸರಿಯಾಗಿ ಎತ್ತುವುದು ಹೇಗೆ ಹೇಳಿಕೊಡಿ ಅಂದೆ.

ಅವರು ಮೊದಲು ಹೇಳಿದ್ದು, ಜ್ಯಾಕು ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕೆ ಅಲ್ಲ ಅಂತ. ಡಿಕ್ಕಿಯಲ್ಲಿರುವ ಸ್ಕ್ರೂ ಜ್ಯಾಕು ತಾನಾಗಿ ಕೆಳಗಿಳಿಯಲ್ಲ, ಆದರೆ ಅದರ ಪಾದ ಒಂದು ಅಂಗೈಯಷ್ಟು. ಯಾರಾದರೂ ಗಾಡಿಗೆ ಒರಗಿದರೆ ಸಾಕು, ಮಗುಚುತ್ತದೆ. ಹೈಡ್ರಾಲಿಕ್ ಜ್ಯಾಕಿನ ಪಾದ ಅಗಲ, ಆದರೆ ಭಾರ ಪೂರ್ತಿ ನಿಂತಿರುವುದು ಎಣ್ಣೆಯ ಮೇಲೆ. ಎಣ್ಣೆಯನ್ನು ತಡೆದಿರುವುದು ಒಂದು ರಬ್ಬರ್ ಸೀಲು, ಒಂದು ಸಣ್ಣ ವಾಲ್ವು. ಸೀಲು ಹಳೆಯದಾದರೆ ಜ್ಯಾಕು ನಿಧಾನಕ್ಕೆ ಕುಸಿಯುತ್ತದೆ, ಕಿತ್ತುಹೋದರೆ ಒಂದೇ ಸಲ. ಎರಡರಲ್ಲಿ ಯಾವುದನ್ನು ನಂಬಿಯೂ ಅಡಿಗೆ ಹೋಗುವ ಹಾಗಿಲ್ಲ. ಕಬ್ಬಿಣದ ಸ್ಟ್ಯಾಂಡ್ ಬೇಕೇ ಬೇಕು.

ಸ್ಟ್ಯಾಂಡ್ ಹುಡುಕಿದೆ. ಎರಡು ಥರ ಸಿಗುತ್ತವೆ. ಒಂದರಲ್ಲಿ ಗರಗಸದಂಥ ಹಲ್ಲುಗಳಿಗೆ ಕೊಂಡಿ ಸಿಕ್ಕಿಕೊಳ್ಳುತ್ತದೆ, ಇನ್ನೊಂದರಲ್ಲಿ ಕೊಳವೆಯ ತೂತಿಗೆ ದಪ್ಪ ಪಿನ್ ತೂರಿಸಬೇಕು. 2020ರಲ್ಲಿ ಅಮೆರಿಕದಲ್ಲಿ ಹಲ್ಲು ಸರಿಯಾಗಿ ಕಚ್ಚದೆ ಜಾರುತ್ತವೆ ಅಂತ ಲಕ್ಷಗಟ್ಟಲೆ ಸ್ಟ್ಯಾಂಡುಗಳನ್ನು ವಾಪಸ್ ಕರೆಸಿದ್ದರು. ಹಲ್ಲಿನದೆಲ್ಲ ಕೆಟ್ಟದ್ದು ಅಂತ ಅಲ್ಲ. ಆದರೆ ಪಿನ್ ಆ ಕಡೆಯಿಂದ ಈ ಕಡೆಗೆ ಬಂದಿರುವುದು ಕಣ್ಣಿಗೆ ಕಾಣುತ್ತದೆ. ಒಮ್ಮೆ ಹೆದರಿದವಳಿಗೆ ಕಾಣುವುದೇ ಸಮಾಧಾನ. ಪಿನ್ನಿನದೇ ಒಂದು ಜೊತೆ ತಗೊಂಡೆ. ಮೇಲೆ 3 ಟನ್ ಅಂತ ಬರೆದಿತ್ತು. ಅದು ಒಂದರ ಲೆಕ್ಕವೋ ಎರಡೂ ಸೇರಿದ್ದೋ ಕೇಳಿಕೊಳ್ಳಬೇಕು, ಕೆಲವರು ಜೊತೆಯ ಲೆಕ್ಕ ಬರೆದಿರುತ್ತಾರೆ. ನನ್ನ ಇಡೀ ಕಾರೇ ಸುಮಾರು 650 ಕೆಜಿ, ಹಾಗಾಗಿ ಹೇಗೆ ನೋಡಿದರೂ ಸಾಕಿತ್ತು. ಟ್ರಾಲಿ ಜ್ಯಾಕನ್ನು, ಅಂದರೆ ಚಕ್ರವಿರುವ ಹೈಡ್ರಾಲಿಕ್ ಜ್ಯಾಕನ್ನು, ಮೇಸ್ತ್ರಿ ಒಂದು ಭಾನುವಾರದ ಮಟ್ಟಿಗೆ ಕೊಟ್ಟರು.

ಈಗ ಜಾಗ. ಚಿಕ್ಕಮಗಳೂರಿನಲ್ಲಿ ಮಟ್ಟಸವಾದ ಗಟ್ಟಿ ನೆಲ ಹುಡುಕಿ ನೋಡಿ, ಗೊತ್ತಾಗುತ್ತೆ ಕಷ್ಟ. ಆಗ ಆಲ್ದೂರಿನ ಕಡೆ ಇರುವ ದೊಡ್ಡಪ್ಪನ ಮನೆಯ ಕಾಫಿ ಕಣ ನೆನಪಾಯಿತು. ಸಿಮೆಂಟಿನ ದೊಡ್ಡ ಕಣ. ಕುಯ್ಲಿನ ತಿಂಗಳುಗಳಲ್ಲಿ ಕಾಲಿಡಲು ಜಾಗ ಇರಲ್ಲ. ಮೇ ತಿಂಗಳಲ್ಲಿ ಖಾಲಿ ಬಿದ್ದಿರುತ್ತದೆ.

ಹೋಗಿ ನಿಲ್ಲಿಸಿ, ಎಷ್ಟು ಚೆನ್ನಾಗಿದೆ ಅಂತ ಖುಷಿಪಡುತ್ತಿದ್ದೆ. ಅಣ್ಣನ ಮಗ ಒಂದು ಚೊಂಬು ನೀರು ತಂದು ಸುರಿದ. ನೀರು ಸೀದಾ ತೋಟದ ಕಡೆ ಹರಿಯಿತು.

“ಅತ್ತೆ, ಕಣ ಮಟ್ಟ ಇರಲ್ಲ. ಮಳೆ ಬಂದ್ರೆ ನೀರು ನಿಲ್ಲಬಾರದಲ್ವಾ?”

ಪಿಯುಸಿ ಹುಡುಗ ಗಣಿತದ ಟೀಚರಿಗೆ ಪಾಠ ಹೇಳಿದ. ಕಣ್ಣಿಗೆ ಕಾಣದ ಆ ಇಳಿಜಾರು ಕಟ್ಟಿದವರು ಬೇಕಂತಲೇ ಇಟ್ಟಿದ್ದು. ರಸಮಟ್ಟ ತಂದು ಮೂರ್ನಾಲ್ಕು ಕಡೆ ಇಟ್ಟು ನೋಡಿದೆವು. ಮನೆಯ ಗೋಡೆಗೆ ಹತ್ತಿರದ ಒಂದು ಪಟ್ಟಿಯಲ್ಲಿ ಗುಳ್ಳೆ ಹೆಚ್ಚುಕಮ್ಮಿ ಮಧ್ಯಕ್ಕೆ ನಿಂತಿತು. ಕಾರನ್ನು ಅಲ್ಲಿಗೆ ತಂದು ನಿಲ್ಲಿಸಿದೆ.

ಅಷ್ಟು ಹೊತ್ತಿಗೆ ದೊಡ್ಡಪ್ಪ ಎರಡು ಸಿಮೆಂಟ್ ಬ್ಲಾಕ್ ಹೊರಿಸಿಕೊಂಡು ಬಂದರು. “ಆ ಡಬ್ಬಾ ಸ್ಟ್ಯಾಂಡ್ ಯಾಕೆ ಮಾರಾಯ್ತಿ? ಇದರ ಮೇಲೆ ನಾನು ಜೀಪ್ ನಿಲ್ಲಿಸಿದ್ದೀನಿ. ಏನೂ ಆಗಲ್ಲ.”

ಈ ‘ಏನೂ ಆಗಲ್ಲ’ ನಮ್ಮ ಮಲೆನಾಡಿನ ಬಹಳ ಪ್ರೀತಿಯ ಮಾತು. ಜಾರುವ ಕಾಲುಸಂಕಕ್ಕೂ ಅದೇ, ಕರೆಂಟ್ ತಂತಿಗೂ ಅದೇ. ನಾನು ವಾದ ಮಾಡಲು ಹೋಗಲಿಲ್ಲ. ಒಂದು ಒಡೆದ ಬ್ಲಾಕ್ ಮೂಲೆಯಲ್ಲಿ ಬಿದ್ದಿತ್ತು. ಅದರ ಮೇಲೆ ಒಂದು ದಪ್ಪ ಬೋಲ್ಟ್ ನಿಲ್ಲಿಸಿ ಸುತ್ತಿಗೆಯಿಂದ ಒಂದೇಟು ಹಾಕಿದೆ. ಎರಡು ಹೋಳಾಯಿತು. ಗೋಡೆಯಲ್ಲಿ ಭಾರ ಬ್ಲಾಕಿನ ಮೈ ಪೂರ್ತಿ ಹರಡಿಕೊಂಡಿರುತ್ತದೆ, ಅದಕ್ಕೆ ತಡೆಯುತ್ತದೆ. ಕಾರಿನ ಅಂಚು ಕೂರುವುದು ಒಂದೇ ಗೆರೆಯ ಮೇಲೆ. ಬ್ಲಾಕು ಬಾಗುವುದಿಲ್ಲ, ಮುಂಚೆ ಸದ್ದು ಮಾಡುವುದಿಲ್ಲ, ಹೇಳದೆ ಒಡೆಯುತ್ತದೆ. ಮರ ಹಾಗಲ್ಲ. ನಲುಗುತ್ತದೆ, ಕಿರುಗುಟ್ಟುತ್ತದೆ, ಏನಾದರೂ ಹೇಳುತ್ತದೆ.

ದೊಡ್ಡಪ್ಪ ಆ ಹೋಳುಗಳನ್ನು ಸ್ವಲ್ಪ ಹೊತ್ತು ನೋಡಿದರು. ಒಳಗೆ ಹೋಗಿ ಸಿಲ್ವರ್ ಓಕ್ ಮರದ ದಪ್ಪ ತುಂಡುಗಳನ್ನು ತಂದರು. “ಇದಾದರೂ ಆಗುತ್ತಾ ನಿಂಗೆ?” ಆಗುತ್ತೆ ದೊಡ್ಡಪ್ಪ, ಅಂದೆ. ನಿಜಕ್ಕೂ ಆಯಿತು, ಮುಂದೆ ಹೇಳುತ್ತೇನೆ.

ಎತ್ತುವ ಕೆಲಸ ಹೀಗೆ ನಡೆಯಿತು. ಕಾರನ್ನು ನೇರ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಎಳೆದೆ. ಹಿಂದಿನ ಎರಡೂ ಗಾಲಿಗೆ, ಮುಂದೆ ಒಂದು ಹಿಂದೆ ಒಂದು, ಓರೆಯಾಗಿ ಕತ್ತರಿಸಿದ ಮರದ ತುಂಡು ಒದ್ದು ಕೂರಿಸಿದೆವು. ಮುಂದಿನ ಗಾಲಿಗಳ ನಟ್ಟುಗಳನ್ನು ಗಾಲಿ ನೆಲದಲ್ಲಿರುವಾಗಲೇ ಅರ್ಧ ಸುತ್ತು ಸಡಿಲಿಸಿದೆ, ಬಿಚ್ಚಲಿಲ್ಲ. ಎತ್ತಿದ ಮೇಲೆ ಬಿಗಿ ನಟ್ಟಿಗೆ ಪಾನಾ ಹಾಕಿ ಎಳೆದಾಡಿದರೆ ಗಾಡಿಯೇ ಅಲ್ಲಾಡುತ್ತದೆ.

ಆಮೇಲೆ ಅಣ್ಣನ ಮಗನಿಗೆ ಪೊರಕೆ ಕೊಟ್ಟೆ. ಅವನು ನಕ್ಕ. ಆದರೆ ಇದು ಮೇಸ್ತ್ರಿ ಒತ್ತಿ ಹೇಳಿದ ಮಾತು. ಟ್ರಾಲಿ ಜ್ಯಾಕಿನ ತೋಳು ನೇರ ಮೇಲೆ ಹೋಗುವುದಿಲ್ಲ, ಬಿಲ್ಲಿನ ಹಾಗೆ ಬಾಗಿದ ದಾರಿಯಲ್ಲಿ ಏರುತ್ತದೆ. ಕಾರು ಕದಲದೆ ನಿಂತಿರುವಾಗ ಜ್ಯಾಕು ತನ್ನ ಸಣ್ಣ ಚಕ್ರಗಳ ಮೇಲೆ ಸ್ವಲ್ಪ ಮುಂದಕ್ಕೆ ಉರುಳಲೇಬೇಕು. ಚಕ್ರಕ್ಕೆ ಒಂದು ಕಲ್ಲು ಸಿಕ್ಕಿ ನಿಂತರೆ ಜ್ಯಾಕಿನ ತಲೆ ಕಾರಿನಡಿ ಜಾರುತ್ತದೆ, ಇಲ್ಲ ಕಾರನ್ನೇ ಎಳೆಯುತ್ತದೆ. ಕಣದ ಬಿರುಕುಗಳಲ್ಲಿ ಹೋದ ವರ್ಷದ ಕಾಫಿ ಸಿಪ್ಪೆ, ಒಂದೆರಡು ಬೀಜ ಇನ್ನೂ ಇದ್ದವು. ಗುಡಿಸಿದೆವು.

ಜ್ಯಾಕನ್ನು ಮಧ್ಯದಲ್ಲಿ, ಮೇಸ್ತ್ರಿ ಬಿಳಿ ಬಣ್ಣದ ಚುಕ್ಕೆ ಇಟ್ಟುಕೊಟ್ಟಿದ್ದ ದಪ್ಪ ಅಡ್ಡಪಟ್ಟಿಗೆ ಕೊಟ್ಟೆ. ಆಯಿಲ್ ಚೇಂಬರಿಗೆ ಅಲ್ಲ, ಬರೀ ತಗಡಿನ ಫ್ಲೋರಿಗೆ ಅಲ್ಲ. ಸ್ಟ್ಯಾಂಡಿಗೂ ಅವರೇ ಎರಡು ಕಡೆ ಚುಕ್ಕೆ ಇಟ್ಟಿದ್ದರು, ಒಳಗಿನ ಪೆಟ್ಟಿಗೆಯಂಥ ಪಟ್ಟಿಯ ಮೇಲೆ. ಹೊಸದಾಗಿ ವೆಲ್ಡ್ ಮಾಡಿದ ಅಂಚನ್ನು ಸದ್ಯಕ್ಕೆ ನಂಬಬೇಡಿ ಅಂದಿದ್ದರು. ಇದು ನನ್ನ ಗಾಡಿಯ ಲೆಕ್ಕ. ನಿಮ್ಮದು ಬೇರೆ ಗಾಡಿಯಾದರೆ ಅದರ ಪುಸ್ತಕ ನೋಡಬೇಕು, ಇಲ್ಲವೇ ಅದನ್ನು ದಿನಾ ಎತ್ತುವವರನ್ನು ಕೇಳಬೇಕು.

ಪಂಪ್ ಹೊಡೆಯುತ್ತಾ ಹೋದೆ. ಮೊದಲ ಹತ್ತು ಹೊಡೆತಕ್ಕೆ ಗಾಲಿ ನೆಲ ಬಿಡಲೇ ಇಲ್ಲ, ಬಾಡಿ ಮಾತ್ರ ಏರಿತು. ಸ್ಪ್ರಿಂಗ್ ಪೂರ್ತಿ ಇಳಿದ ಮೇಲಷ್ಟೇ ಗಾಲಿ ಮೇಲೆದ್ದಿತು. ಪ್ರತಿ ನಾಲ್ಕು ಹೊಡೆತಕ್ಕೆ ನಿಲ್ಲಿಸಿ ಹಿಂದಿನ ಗಾಲಿಯ ತುಂಡುಗಳನ್ನು ನೋಡಿದೆ. ಎದೆ ಡವಡವ ಅನ್ನುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಸ್ಟ್ಯಾಂಡಿನ ಮೂರನೇ ತೂತಿಗೆ ಪಿನ್ ಹಾಕಿ, ಎರಡೂ ಒಂದೇ ಎತ್ತರ ಇವೆಯಾ ಅಂತ ಎರಡು ಸಲ ಎಣಿಸಿ, ಕೈ ಮಾತ್ರ ಒಳಗೆ ಚಾಚಿ ಚುಕ್ಕೆಯ ಕೆಳಗೆ ಕೂರಿಸಿದೆ. ಜ್ಯಾಕಿನ ವಾಲ್ವನ್ನು ಒಂದಿಷ್ಟೇ ತಿರುಗಿಸಿ, ಗಾಡಿ ಸ್ಟ್ಯಾಂಡಿನ ಮೇಲೆ ಕೂರುವ ತನಕ ನಿಧಾನವಾಗಿ ಇಳಿಸಿದೆ. ಕಣ್ ಅಂತ ಸಣ್ಣ ಸದ್ದು. ಜ್ಯಾಕನ್ನು ತೆಗೆಯಲಿಲ್ಲ, ಪಟ್ಟಿಗೆ ಮೆಲ್ಲಗೆ ತಾಗಿಸಿ ಅಲ್ಲೇ ಬಿಟ್ಟೆ. ಮುಂದಿನ ಗಾಲಿಗಳನ್ನು ಬಿಚ್ಚಿ ಎರಡೂ ಬದಿ ಅಂಚಿನ ಕೆಳಗೆ ಮಲಗಿಸಿದೆ. ದೊಡ್ಡಪ್ಪನ ಸಿಲ್ವರ್ ತುಂಡುಗಳನ್ನು ಎರಡು ಅಡ್ಡ, ಎರಡು ಉದ್ದ ಹೀಗೆ ಅಟ್ಟಿ ಕಟ್ಟಿ ಮಧ್ಯದಲ್ಲಿ ಇಟ್ಟೆವು. ಸ್ಟ್ಯಾಂಡ್ ಕೈಕೊಟ್ಟರೂ ಕಾರು ಅದರ ಮೇಲೆ ನಿಲ್ಲಬೇಕು, ನನ್ನ ಮೇಲಲ್ಲ.

ಆಮೇಲೆ ಅಲ್ಲಾಡಿಸಿ ನೋಡುವುದು. ನಾನು ಮೆತ್ತಗೆ ತಳ್ಳಿದೆ. ಅಣ್ಣನ ಮಗ ಸ್ವಲ್ಪ ಜೋರಾಗಿ. ದೊಡ್ಡಪ್ಪ ಬಂದು, ಇಷ್ಟು ಹೊತ್ತಿನ ಸಿಟ್ಟನ್ನೆಲ್ಲ ಸೇರಿಸಿ ಬಾನೆಟ್ ಪಕ್ಕ ಒಂದು ನೂಕು ಕೊಟ್ಟರು. ಕಾರು ಕದಲಲಿಲ್ಲ. ಬೀಳುವುದಿದ್ದರೆ ಅಡಿಯಲ್ಲಿ ಯಾರೂ ಇಲ್ಲದಾಗಲೇ ಬೀಳಲಿ ಅನ್ನೋದು ಇದರ ಲೆಕ್ಕ.

ಗಡಿಯಾರ ನೋಡಿದೆ. ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡಿದ್ದು, ಹತ್ತೂ ಮುಕ್ಕಾಲು. ಬಾನೆಟ್ ಇನ್ನೂ ತೆಗೆದಿರಲಿಲ್ಲ. ಸರಿಯಾಗಿ ನಾನು ಬೆನ್ನ ಮೇಲೆ ಮಲಗಿ ಒಳಗೆ ಜಾರುವಾಗ ದೊಡ್ಡಮ್ಮ ಬಾಗಿಲಲ್ಲಿ ನಿಂತು ಕೂಗಿದರು. “ಮೊದಲು ಅಡಿಗೆಮನೆಗೆ ಬಂದು ತಿಂಡಿ ತಿನ್ನೇ, ಕಾರಿನ ಅಡಿಗೆ ಆಮೇಲೆ ಹೋಗುವಿಯಂತೆ!” ಅಕ್ಕಿರೊಟ್ಟಿ ತಿಂದು ಬಂದು, ಇನ್ನೊಂದು ಸಲ ಅಲ್ಲಾಡಿಸಿ ನೋಡಿ, ಆಮೇಲೆ ಒಳಗೆ ಹೋದೆ. ಅಣ್ಣನ ಮಗ ಪಕ್ಕದಲ್ಲೇ ಕೂತಿರಬೇಕು, ಫೋನ್ ನೋಡಿದರೂ ಪರವಾಗಿಲ್ಲ, ಎದ್ದು ಹೋಗಬಾರದು ಅಂತ ಕರಾರು.

ಟಕ್ ಟಕ್ ಸಿಕ್ಕಿತು. ಎಡಗಡೆ ಆಕ್ಸಲ್ಲಿನ ಹೊರ ತುದಿಯ ರಬ್ಬರ್ ಬೂಟು, ಅಂದರೆ ಅಲ್ಲಿನ ಜಾಯಿಂಟಿನ ಗ್ರೀಸು ಹಿಡಿದಿಡುವ ಚೀಲ, ಸೀಳಿತ್ತು. ಒಳಗಿನ ಗ್ರೀಸೆಲ್ಲ ಸುತ್ತ ಸಿಡಿದು ಕಪ್ಪು ಗೆರೆ ಎಳೆದ ಹಾಗಿತ್ತು, ಖಾಲಿಯಾದ ಜಾಗಕ್ಕೆ ಕೆಸರು ಸೇರಿಕೊಂಡಿತ್ತು. ಶಬ್ದ ಬರಲು ಶುರುವಾಗಿದೆ ಅಂದರೆ ಜಾಯಿಂಟ್ ಆಗಲೇ ಸವೆದಿದೆ, ಬರೀ ಬೂಟು ಬದಲಾಯಿಸಿದರೆ ಆಗಲ್ಲ. ಅದು ಮೇಸ್ತ್ರಿಯ ಕೆಲಸ. ನನ್ನ ಪಾಲಿನ ಕೆಲಸ ಮಾಡಿದೆ. ಗಾಲಿಯ ಮೂಲೆಗಳಿಂದ ಒಂದು ಬಾಂಡಲಿ ಮಣ್ಣು ಬಂತು. ಅಂಚಿನ ತೂತುಗಳಿಗೆ ತಂತಿ ಹಾಕಿ ಬಿಡಿಸಿದೆ, ಒಂದರಿಂದ ನೀರು ತೊಟ್ಟಿಕ್ಕಿತು. ಮಳೆ ಬಂದು ವಾರವಾಗಿತ್ತು! ಆಯಿಲ್ ಇಳಿಸಿ ಹೊಸದು ಹಾಕಿದ್ದು ಇಪ್ಪತ್ತು ನಿಮಿಷದ ಕೆಲಸ. ಹಳೇ ಆಯಿಲನ್ನು ಕ್ಯಾನಿಗೆ ತುಂಬಿಕೊಂಡೆ, ಗ್ಯಾರೇಜಿಗೆ ಕೊಡಲು. ತೋಟಕ್ಕೆ ಚೆಲ್ಲಿದರೆ ದೊಡ್ಡಪ್ಪ ನನ್ನನ್ನೂ ಚೆಲ್ಲುತ್ತಿದ್ದರು.

ಇಳಿಸುವಾಗ ಅವಸರ ಜಾಸ್ತಿ. ಕೆಲಸ ಮುಗಿದಿರುತ್ತೆ, ಹಸಿವಾಗಿರುತ್ತೆ. ಗಾಲಿ ಹಾಕಿ, ನಟ್ಟನ್ನು ಎದುರುಬದುರು ಕೈಯಲ್ಲೇ ಕೂರಿಸಿ, ಅಡಿಯ ಪಾನಾಗಳನ್ನೆಲ್ಲ ಎಣಿಸಿ ತೆಗೆದು, ಮರದ ಅಟ್ಟಿಯನ್ನು ಆಚೆಗೆಳೆದು, ಜ್ಯಾಕನ್ನು ಒಂದಿಷ್ಟು ಏರಿಸಿ ಸ್ಟ್ಯಾಂಡ್ ತೆಗೆದೆ. ವಾಲ್ವಿಗೆ ಕೈ ಹಾಕಿದ್ದೆ. “ಅತ್ತೆ, ತಡೀರಿ!” ಅಂತ ಕೂಗು.

ಮನೆಯ ನಾಯಿ ರಾಜ, ಕಣದ ಬಿಸಿಲಿಗೆ ಬೇಸತ್ತು, ಕಾರಿನಡಿ ಹಿಂದಿನ ನೆರಳಲ್ಲಿ ಕಾಲು ಚಾಚಿ ಮಲಗಿತ್ತು. ಯಾವಾಗ ಬಂತೋ ಗೊತ್ತಿಲ್ಲ. ನಾಯಿಯನ್ನು ಎಬ್ಬಿಸಲು ರೊಟ್ಟಿಯ ಚೂರೊಂದು ಬೇಕಾಯಿತು. ಮಕ್ಕಳಿರುವ ಮನೆಯಾದರೆ? ಆ ಯೋಚನೆ ನನ್ನನ್ನು ಇವತ್ತೂ ಬಿಟ್ಟಿಲ್ಲ. ಈಗ ವಾಲ್ವ್ ತಿರುಗಿಸುವ ಮುಂಚೆ ಮಂಡಿಯೂರಿ ಎರಡೂ ಕಡೆಯಿಂದ ಬಗ್ಗಿ ನೋಡುತ್ತೇನೆ.

ಇಳಿದ ಕಾರು ನೋಡಿದರೆ ಮುಂದಿನ ಗಾಲಿಗಳು ಒಳಗೆ ಮಡಚಿಕೊಂಡು, ಮೂತಿ ಎತ್ತಿ ಕೂತಿತ್ತು. ಏನೋ ಮುರಿದೆ ಅಂತ ಗಾಬರಿಯಾಗಿ ಮೇಸ್ತ್ರಿಗೆ ಫೋನ್ ಮಾಡಿದೆ. ಅವರು ಊಟ ಮಾಡುತ್ತಿದ್ದರು. “ನಟ್ಟು ಪೂರ್ತಿ ಬಿಗಿ ಮಾಡಿ, ಹತ್ತಡಿ ಹಿಂದೆ ಮುಂದೆ ಓಡಿಸಿ,” ಅಂದು ಇಟ್ಟರು. ಟೈರು ನೆಲ ಕಚ್ಚಿಕೊಂಡಿದ್ದರಿಂದ ಗಾಲಿಗಳಿಗೆ ಹೊರಗೆ ಸರಿಯಲು ಆಗಿರಲಿಲ್ಲ ಅಷ್ಟೇ. ಓಡಿಸಿದೆ, ತನ್ನ ಎತ್ತರಕ್ಕೆ ಬಂದು ಕೂತಿತು.

ಹೊರಡುವಾಗ ಸ್ಟ್ಯಾಂಡುಗಳನ್ನು ಡಿಕ್ಕಿಗೆ ಹಾಕುತ್ತಿದ್ದೆ. ದೊಡ್ಡಪ್ಪ ಬಂದು ಒಂದನ್ನು ಕೈಯಲ್ಲಿ ಎತ್ತಿ ತೂಕ ನೋಡಿದರು. ಪಿನ್ ತೆಗೆದರು, ಹಾಕಿದರು.

“ಇದನ್ನ ಇಲ್ಲೇ ಬಿಟ್ಟು ಹೋಗು. ಜೀಪಿನ ಹಿಂದಿನ ಬ್ರೇಕ್ ನೋಡಬೇಕಿತ್ತು.”

“ಬಿಡ್ತೀನಿ. ಆದರೆ ಜೀಪ್ ಎತ್ತೋ ದಿನ ನನಗೆ ಫೋನ್ ಮಾಡಬೇಕು.”

“ಆಯ್ತು ಮಾರಾಯ್ತಿ,” ಅಂದರು. ಆಮೇಲೆ ಅಣ್ಣನ ಮಗನ ಕಡೆ ತಿರುಗಿ, “ಆ ಬ್ಲಾಕ್‌ಗಳನ್ನ ಕೋಳಿಗೂಡಿನ ಹತ್ತಿರ ಹಾಕು,” ಅಂದರು.